ಕುದುರೆ ಮತ್ತು ನಾಯಿಗಳ ಭೌತಚಿಕಿತ್ಸೆ

ಕುದುರೆ ಮತ್ತು ನಾಯಿಗಳ ಭೌತಚಿಕಿತ್ಸೆಯು ಪೆಟ್ಟು, ಶಸ್ತ್ರಚಿಕಿತ್ಸೆ, ನರರೋಗ, ಸಂಧಿವಾತ ಇಲ್ಲವೆ ಮುಪ್ಪಿನಿಂದ ಕುಂದಿದ ಪ್ರಾಣಿಯ ಚಲನೆಯನ್ನು ವ್ಯಾಯಾಮ, ಕೈ ಉಪಚಾರ, ಶಾಖ, ತಂಪು, ನೀರು, ವಿದ್ಯುತ್ತು ಮೊದಲಾದ ಭೌತಿಕ ಸಾಧನಗಳಿಂದ ಸರಿಪಡಿಸುವ ಪಶುವೈದ್ಯಕೀಯ ಶಾಖೆ. ಔಷಧಿ ನೋವನ್ನು ತಗ್ಗಿಸುತ್ತದೆ, ಶಸ್ತ್ರಚಿಕಿತ್ಸೆ ಮುರಿದದ್ದನ್ನು ಕೂಡಿಸುತ್ತದೆ. ಆದರೆ ಸೊರಗಿದ ಸ್ನಾಯು ತುಂಬಿಕೊಳ್ಳುವುದಕ್ಕೂ ಬಿಗಿದ ಕೀಲು ಸಡಿಲುವುದಕ್ಕೂ ಅಳತೆಯರಿತ ಚಲನೆಯೇ ಬೇಕು. ಗಾಯಗೊಂಡ ಭಾಗದ ಮೇಲೆ ಯಾವಾಗ, ಎಷ್ಟು ಭಾರ ಬೀಳಬೇಕು ಎಂಬ ನಿರ್ಣಯವೇ ಈ ಚಿಕಿತ್ಸೆಯ ತಿರುಳು. ತಿಂಗಳುಗಟ್ಟಲೆ ಕಟ್ಟಿಹಾಕಿದ ಪ್ರಾಣಿಯೂ ಅವಧಿಗೆ ಮೊದಲೇ ದುಡಿಮೆಗೆ ಹೂಡಿದ ಪ್ರಾಣಿಯೂ ಅನೇಕ ವೇಳೆ ಶಾಶ್ವತವಾಗಿ ಕುಂಟಾಗುತ್ತವೆ.

ಪರಿಭಾಷೆ

ಈ ಲೇಖನದಲ್ಲಿ ಭೌತಚಿಕಿತ್ಸೆ ಎಂಬುದು ಎಲ್ಲ ಉಪಚಾರಗಳನ್ನೂ ಒಳಗೊಂಡ ಹೆಸರು. ಪುನಶ್ಚೇತನ ಎಂಬುದು ಗಾಯದ ಮೊದಲ ದಿನದಿಂದ ಪ್ರಾಣಿ ತನ್ನ ಕೆಲಸಕ್ಕೆ ಮರಳುವವರೆಗಿನ ಹಂತಹಂತದ ಕಾರ್ಯಕ್ರಮ. ಸ್ನಾಯುವನ್ನು ಎಲುಬಿಗೆ ಸೇರಿಸುವ ನಾರಿನ ಪಟ್ಟಿ ಸ್ನಾಯುರಜ್ಜು, ಎಲುಬನ್ನು ಎಲುಬಿಗೆ ಬಿಗಿಯುವುದು ಅಸ್ಥಿಬಂಧ. ಪ್ರಾಣಿ ಸುಮ್ಮನಿರುವಾಗ ಚಿಕಿತ್ಸಕರು ಅದರ ಕಾಲನ್ನು ಮಡಿಸಿ ನೀಡುವುದು ನಿಷ್ಕ್ರಿಯ ಚಲನೆ. ಪ್ರಾಣಿ ತನ್ನ ಸ್ನಾಯುಬಲದಿಂದ ತಾನೇ ಮಾಡುವುದು ಸಕ್ರಿಯ ವ್ಯಾಯಾಮ.

ಕೀಲುಗಳ ಹೆಸರಿನಲ್ಲಿ ಗೊಂದಲ ಸಾಮಾನ್ಯ. ಕುದುರೆಯ ಮುಂಗಾಲಿನಲ್ಲಿ ಜನ ಮಂಡಿ ಎಂದು ತೋರಿಸುವ ಕೀಲು ರಚನೆಯಲ್ಲಿ ಮನುಷ್ಯನ ಮಣಿಕಟ್ಟಿಗೆ ಸಮ. ಮನುಷ್ಯನ ಮೊಣಕಾಲಿಗೆ ಸಮನಾದ ಕೀಲು ಹಿಂಗಾಲಿನಲ್ಲಿ ಹೊಟ್ಟೆಯ ಮಟ್ಟಕ್ಕೆ ಇದೆ. ಇಲ್ಲಿ ಮೊಣಕಾಲು ಎಂದರೆ ಅದೇ. ಅದರ ಕೆಳಗೆ ಹಿಂದಕ್ಕೆ ಚಾಚಿಕೊಂಡಿರುವುದು ಹರಡು ಕೀಲು. ಅದು ಮನುಷ್ಯನ ಕಣಕಾಲಿನ ಕೀಲಿಗೆ ಸಮ. ಕುದುರೆಯಲ್ಲಿ ಗೊರಸಿಗೆ ತುಸು ಮೇಲಿರುವ ಉಬ್ಬುಕೀಲನ್ನು ಗೆಣ್ಣು ಎಂದು ಕರೆಯಲಾಗಿದೆ.

ಇತಿಹಾಸ

ಕುದುರೆಯ ಶುಶ್ರೂಷೆ ಭಾರತದಲ್ಲಿ ಶಾಸ್ತ್ರವಾಗಿಯೇ ಬೆಳೆಯಿತು. ಶಾಲಿಹೋತ್ರನ ಹೆಸರಿನಲ್ಲಿ ಬಂದ ಸಂಸ್ಕೃತ ಗ್ರಂಥಪರಂಪರೆ ಅದರ ಮೂಲ. ಕನ್ನಡ ನಾಡಿನಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಕೀರ್ತಿವರ್ಮನ ‘ಗೋವೈದ್ಯ’ ಪಶುವೈದ್ಯದ ಅತ್ಯಂತ ಹಳೆಯ ಕನ್ನಡ ಕೃತಿಗಳಲ್ಲೊಂದು. ಅದೇ ವಂಶದ ಮೂರನೆಯ ಸೋಮೇಶ್ವರನು 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕುದುರೆ, ನಾಯಿಗಳಿಗೆ ಬೇರೆ ಬೇರೆ ಭಾಗಗಳೇ ಇವೆ. ಅಭಿನವಚಂದ್ರನ ‘ಅಶ್ವಶಾಸ್ತ್ರ’ ಕುದುರೆಯ ಲಕ್ಷಣ ಮತ್ತು ಚಿಕಿತ್ಸೆಗೆ ಮೀಸಲಾದ ಕನ್ನಡ ಕೃತಿ. ಲಾಯಗಳಲ್ಲಿ ಉಳಿದುಬಂದ ಖರಾರ ಉಜ್ಜುವಿಕೆ, ಎಣ್ಣೆ ಮಾಲೀಸು, ಬಿಸಿ ಶಾಖ, ಓಟದ ಬಳಿಕ ನಿಧಾನವಾಗಿ ನಡೆಸಿ ಮೈ ತಣಿಸುವುದು, ಬಾತ ಕಾಲನ್ನು ಕೆರೆಯ ನೀರಿನಲ್ಲಿ ನಿಲ್ಲಿಸುವುದು ಇವೆಲ್ಲ ಭೌತಚಿಕಿತ್ಸೆಯ ದೇಶೀ ರೂಪಗಳು. ಅವುಗಳಲ್ಲಿ ಹೆಚ್ಚಿನವು ಇಂದಿನ ತಿಳಿವಳಿಕೆಗೂ ಹೊಂದುತ್ತವೆ. ಕುಂಟುವ ಕಾಲಿಗೆ ಕಾದ ಕಬ್ಬಿಣದಿಂದ ಬರೆ ಹಾಕುವ ರೂಢಿ ಮಾತ್ರ ಹೊಂದುವುದಿಲ್ಲ. ಬರೆಯಿಂದ ರಜ್ಜು ಬಲಗೊಳ್ಳುವುದಿಲ್ಲ. ಚರ್ಮ ಸುಟ್ಟು ಹೊಸ ನೋವು ಸೇರುತ್ತದೆ. ಬರೆಯ ಅನಂತರ ಪ್ರಾಣಿಗೆ ಸಿಗುವ ದೀರ್ಘ ವಿಶ್ರಾಂತಿಯ ಫಲವನ್ನು ಜನ ಬರೆಯ ಫಲವೆಂದು ಭಾವಿಸಿದ್ದರಿಂದ ಅದು ಇಷ್ಟು ಕಾಲ ಉಳಿಯಿತು.

ಆಧುನಿಕ ಭೌತಚಿಕಿತ್ಸೆ ಮನುಷ್ಯರಿಂದ ಪ್ರಾಣಿಗಳತ್ತ ಹರಿದುಬಂತು. ಬ್ರಿಟನ್ನಿನಲ್ಲಿ 1894ರಲ್ಲಿ ಮಾಲೀಸು ತರಬೇತಿ ಪಡೆದ ದಾದಿಯರು ಕಟ್ಟಿದ ಸಂಘ ಮುಂದೆ ಆ ದೇಶದ ಭೌತಚಿಕಿತ್ಸಕರ ಅಧಿಕೃತ ಸಂಸ್ಥೆಯಾಯಿತು. 20ನೇ ಶತಮಾನದ ನಡುಭಾಗದಲ್ಲಿ ಅಲ್ಲಿನ ಚಾರ್ಲ್ಸ್ ಸ್ಟ್ರಾಂಗ್ ಎಂಬ ಭೌತಚಿಕಿತ್ಸಕ ಪೋಲೊ ಮತ್ತು ರೇಸಿನ ಕುದುರೆಗಳ ಸ್ನಾಯುಗಳಿಗೆ ವಿದ್ಯುತ್ ಪ್ರಚೋದನೆ ನೀಡಿ ಹೆಸರಾದ. ನಾಯಿಗಳ ಪುನಶ್ಚೇತನ ಪ್ರತ್ಯೇಕ ವಿಷಯವಾಗಿ ರೂಪುಗೊಂಡದ್ದು 1990ರ ದಶಕದ ಕೊನೆಗೆ, ಅಮೆರಿಕದ ಪಶುವೈದ್ಯಕೀಯ ಶಾಲೆಗಳಲ್ಲಿ. 2010ರಲ್ಲಿ ಆ ದೇಶದ ಪಶುವೈದ್ಯಕೀಯ ಸಂಘವು ಪ್ರಾಣಿಗಳ ಕ್ರೀಡಾವೈದ್ಯ ಮತ್ತು ಪುನಶ್ಚೇತನಕ್ಕೆ ತಜ್ಞಶಾಖೆಯ ಮಾನ್ಯತೆ ನೀಡಿತು.

ದೇಹರಚನೆಯ ಆಧಾರ

ನಿಂತಿರುವ ಕುದುರೆ ಮತ್ತು ನಾಯಿ ಎರಡರಲ್ಲೂ ದೇಹತೂಕದ ಸುಮಾರು ಶೇ 60 ಭಾಗ ಮುಂಗಾಲುಗಳ ಮೇಲೆ ಬೀಳುತ್ತದೆ. ಕುದುರೆಗೆ ಕೊರಳೆಲುಬು, ಅಂದರೆ ಕಾಲರ್ ಬೋನ್, ಇಲ್ಲ. ನಾಯಿಯಲ್ಲಿ ಅದು ಹೆಸರಿಗಷ್ಟೇ ಇದೆ. ಆದ್ದರಿಂದ ಎದೆಗೂಡು ಮುಂಗಾಲುಗಳ ನಡುವೆ ಸ್ನಾಯುಗಳ ತೊಟ್ಟಿಲಿನಲ್ಲಿ ತೂಗಿಕೊಂಡಿರುತ್ತದೆ. ಹಿಂಗಾಲು ನೋಯುವ ಪ್ರಾಣಿ ಭಾರವನ್ನು ಮುಂದಕ್ಕೆ ಸರಿಸಿದಾಗ ಈ ಸ್ನಾಯುಗಳೂ ಕತ್ತು, ಬೆನ್ನುಗಳೂ ಬಿಗಿಯುತ್ತವೆ. ನಾಯಿಯ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾದರೂ ಭುಜವನ್ನು ತಡವಿ ನೋಡಬೇಕೆಂಬ ನಿಯಮ ಬಂದದ್ದು ಇದರಿಂದ.

ಕುದುರೆಯ ಮುಂಗಾಲಿನ ಮಂಡಿಯ ಕೆಳಗೆ ಸ್ನಾಯುವೇ ಇಲ್ಲ. ಅಲ್ಲಿರುವುದು ಉದ್ದನೆಯ ರಜ್ಜುಗಳು, ಎಲುಬು, ಚರ್ಮ. ಹಿಂಬದಿಯ ಮೇಲ್ಪದರದ ಮಡಿಸುರಜ್ಜು ಓಟದಲ್ಲಿ ಹಿಗ್ಗಿ ಶಕ್ತಿಯನ್ನು ತುಂಬಿಕೊಂಡು ಮರುಹೆಜ್ಜೆಗೆ ಬಿಟ್ಟುಕೊಡುತ್ತದೆ. ನಾಗಾಲೋಟದಲ್ಲಿ ಈ ರಜ್ಜು ಹರಿಯುವ ಮಿತಿಗೆ ತೀರ ಹತ್ತಿರದವರೆಗೆ ಎಳೆಯಲ್ಪಡುತ್ತದೆ. ಅದರ ಒಳತಿರುಳಿನ ಉಷ್ಣತೆ 45 ಡಿಗ್ರಿ ಸೆಲ್ಸಿಯಸ್‌ವರೆಗೆ ಏರಿದ್ದು ಅಳತೆಗೆ ಸಿಕ್ಕಿದೆ. ರೇಸಿನ ಕುದುರೆಗಳ ವೃತ್ತಿ ಮುಗಿಯುವುದಕ್ಕೆ ಈ ರಜ್ಜಿನ ಗಾಯ ಒಂದು ದೊಡ್ಡ ಕಾರಣ. ನಾಯಿಗಳಲ್ಲಿ ಇದೇ ಸ್ಥಾನ ಮೊಣಕಾಲಿನ ಮುಂದಿನ ಅಡ್ಡ ಅಸ್ಥಿಬಂಧದ್ದು. ಮನುಷ್ಯನಲ್ಲಿ ಅದು ಆಟದ ಪೆಟ್ಟಿಗೆ ಹರಿಯುವುದು ಹೆಚ್ಚು; ನಾಯಿಯಲ್ಲಿ ವರ್ಷಗಟ್ಟಲೆ ಸವೆದು, ಕೊನೆಗೆ ಸಣ್ಣ ಜಿಗಿತಕ್ಕೇ ಹರಿಯುತ್ತದೆ. ಒಂದು ಕಾಲಿನಲ್ಲಿ ಹರಿದ ನಾಯಿಗೆ ಮುಂದೆ ಇನ್ನೊಂದು ಕಾಲಿನಲ್ಲೂ ಹರಿಯುವ ಸಂಭವ ಹೆಚ್ಚಿರುವುದು ಈ ಕಾರಣದಿಂದಲೇ.

ಗಾಯ ಮಾಯುವ ಹಂತಗಳು

ಮೃದು ಅಂಗಾಂಶದ ಗಾಯ ಮೂರು ಹಂತಗಳಲ್ಲಿ ಮಾಯುತ್ತದೆ. ಮೊದಲ ಕೆಲವು ದಿನ ಉರಿಯೂತದ ಕಾಲ: ಬಾವು, ಬಿಸಿ, ನೋವು. ಅನಂತರದ ವಾರಗಳಲ್ಲಿ ಹೊಸ ಕೊಲಾಜನ್ ನಾರು ಹುಟ್ಟುತ್ತದೆ, ಆದರೆ ದಿಕ್ಕುದೆಸೆಯಿಲ್ಲದೆ ಹೆಣೆದುಕೊಂಡಿರುತ್ತದೆ. ಮೂರನೆಯದು ಮರುರೂಪಣೆ, ಸ್ನಾಯುರಜ್ಜಿನಲ್ಲಿ ಇದಕ್ಕೆ ಹಲವು ತಿಂಗಳಿಂದ ಒಂದು ವರ್ಷದವರೆಗೆ ಹಿಡಿಯುತ್ತದೆ. ಈ ಅವಧಿಯಲ್ಲಿ ನಾರುಗಳು ಭಾರ ಬೀಳುವ ದಿಕ್ಕಿಗೆ ಸಾಲುಗೊಳ್ಳುತ್ತವೆ. ಭಾರವೇ ಬೀಳದಿದ್ದರೆ ಸಾಲುಗೊಳ್ಳುವುದಿಲ್ಲ, ಅತಿ ಭಾರ ಬಿದ್ದರೆ ಹರಿಯುತ್ತವೆ. ಪುನಶ್ಚೇತನ ವ್ಯಾಯಾಮದ ಇಡೀ ವೇಳಾಪಟ್ಟಿ ನಿಂತಿರುವುದು ಈ ಜೈವಿಕ ಸಂಗತಿಯ ಮೇಲೆ. ಪ್ರಾಣಿ ಕುಂಟುವುದನ್ನು ಬಿಟ್ಟ ದಿನಕ್ಕೂ ರಜ್ಜು ಗಟ್ಟಿಯಾಗುವ ದಿನಕ್ಕೂ ನಡುವೆ ತಿಂಗಳುಗಳ ಅಂತರವಿದೆ. ಮಾಲೀಕರು ಮೋಸಹೋಗುವುದು ಈ ಅಂತರದಲ್ಲಿ.

ನಿಶ್ಚಲತೆಯ ಕೇಡಿಗೆ ಎಳೆನಾಯಿಯ ತೊಡೆ ಎಲುಬಿನ ಮುರಿತ ಸ್ಪಷ್ಟ ಉದಾಹರಣೆ. ಕಾಲನ್ನು ನೀಳವಾಗಿಟ್ಟು ವಾರಗಟ್ಟಲೆ ಕಟ್ಟಿದರೆ ತೊಡೆಯ ಮುಂದಿನ ಸ್ನಾಯು ಮುರಿತದ ಗಂಟಿಗೆ ಅಂಟಿಕೊಂಡು ಕಾಲು ಕೋಲಿನಂತೆ ಸೆಟೆಯುತ್ತದೆ. ಆ ಸ್ಥಿತಿಗೆ ಹೋದ ಕಾಲನ್ನು ಮರಳಿ ಮಡಿಸುವುದು ಬಹಳ ಕಷ್ಟ. ಶಸ್ತ್ರಚಿಕಿತ್ಸೆಯ ಮರುದಿನದಿಂದಲೇ ಮೆಲ್ಲನೆ ಮಡಿಸಿ ನೀಡುತ್ತಿದ್ದರೆ ಅದನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಪರೀಕ್ಷೆ ಮತ್ತು ಅಳತೆ

ರೋಗನಿರ್ಣಯ ಪಶುವೈದ್ಯರದು; ಎಕ್ಸ್‌ರೇ, ಅಲ್ಟ್ರಾಸೌಂಡ್, ನರಪರೀಕ್ಷೆ ಮುಗಿಯದೆ ವ್ಯಾಯಾಮ ಶುರುವಾಗಬಾರದು. ಅನಂತರ ಚಿಕಿತ್ಸಕರು ಪ್ರಾಣಿ ನಿಲ್ಲುವ ಭಂಗಿ, ನಡಿಗೆ, ಟ್ರಾಟ್ ಎಂಬ ಕುಕ್ಕುಲೋಟ, ತಿರುವು ಇವುಗಳನ್ನು ನೋಡುತ್ತಾರೆ. ಮುಂಗಾಲು ನೋಯುವ ಕುದುರೆ ಆ ಕಾಲು ನೆಲಕ್ಕೆ ಊರಿದಾಗ ತಲೆ ಎತ್ತುತ್ತದೆ, ಒಳ್ಳೆಯ ಕಾಲು ಊರಿದಾಗ ತಗ್ಗಿಸುತ್ತದೆ. ಕುದುರೆಗಳ ಕುಂಟನ್ನು 0ರಿಂದ 5ರವರೆಗಿನ ಅಳತೆಪಟ್ಟಿಯಲ್ಲಿ ಗುರುತಿಸುವುದು ವಾಡಿಕೆ: 0 ಎಂದರೆ ಕುಂಟಿಲ್ಲ, 5 ಎಂದರೆ ಕಾಲು ಊರುವುದೇ ಇಲ್ಲ ಅಥವಾ ಹೆಚ್ಚೆಂದರೆ ತುಸು ತಾಕಿಸುತ್ತದೆ.

ಕೀಲಿನ ಚಲನವ್ಯಾಪ್ತಿಯನ್ನು ಕೋನಮಾಪಕದಿಂದ ಅಳೆಯಲಾಗುತ್ತದೆ. ಲ್ಯಾಬ್ರಡಾರ್ ನಾಯಿಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಆರೋಗ್ಯವಂತ ಮೊಣಕಾಲು ಸುಮಾರು 42 ಡಿಗ್ರಿಯವರೆಗೆ ಮಡಿಯುತ್ತದೆ, 162 ಡಿಗ್ರಿಯವರೆಗೆ ನೀಡುತ್ತದೆ. ತೊಡೆಯ ಸುತ್ತಳತೆಯನ್ನು ದರ್ಜಿಯ ಟೇಪಿನಿಂದ ಪ್ರತಿ ಸಲವೂ ಒಂದೇ ಜಾಗದಲ್ಲಿ ತೆಗೆದು ಬರೆದಿಡಬೇಕು. ನೋಟಕ್ಕೆ ಸುಧಾರಿಸಿದಂತೆ ಕಂಡರೂ ಎಡ ಬಲ ತೊಡೆಗಳ ಅಂತರ ಕರಗದಿದ್ದರೆ ಪ್ರಾಣಿ ಇನ್ನೂ ಭಾರವನ್ನು ತಪ್ಪಿಸುತ್ತಿದೆ ಎಂದರ್ಥ. ಮೊಬೈಲಿನಲ್ಲಿ ವಾರಕ್ಕೊಮ್ಮೆ ಒಂದೇ ಕೋನದಿಂದ ಹಿಡಿದ ನಡಿಗೆಯ ವಿಡಿಯೋ ಸಹ ನಂಬಲರ್ಹ ದಾಖಲೆ.

ಕೈ ಉಪಚಾರ ಮತ್ತು ಉಪಕರಣಗಳು

ಮೊದಲ 72 ಗಂಟೆಗಳಲ್ಲಿ ತಂಪು, ಅನಂತರ ಬೆಚ್ಚನೆಯ ಶಾಖ ಎಂಬುದು ಸಾಮಾನ್ಯ ನಿಯಮ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 10ರಿಂದ 20 ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ ಇಡುತ್ತಾರೆ. ಕುದುರೆಯ ಕಾಲಿಗೆ ಪೈಪಿನ ನೀರು ಹಾಯಿಸಿದರೂ ನಡೆಯುತ್ತದೆ. ಬಾವು ಇಳಿದ ಮೇಲೆ, ವ್ಯಾಯಾಮಕ್ಕೆ ಮುನ್ನ, ಬಿಗಿದ ಸ್ನಾಯುವಿಗೆ ಬಿಸಿನೀರಿನ ಚೀಲದಿಂದ ಶಾಖ ಕೊಡಬಹುದು. ಆ ಬಿಸಿಯನ್ನು ಮೊದಲು ಉಪಚರಿಸುವವರ ಮುಂಗೈ ಮೇಲೆ ಪರೀಕ್ಷಿಸಬೇಕು. ಸ್ಪರ್ಶಜ್ಞಾನ ಹೋದ ಕಾಲಿಗೆ ಶಾಖ ಸಲ್ಲದು.

ಮಾಲೀಸು ರಕ್ತಸಂಚಾರ ಹೆಚ್ಚಿಸಿ ಬಿಗುವನ್ನು ಸಡಿಲಿಸುತ್ತದೆ, ಪ್ರಾಣಿಯನ್ನು ಶಾಂತಗೊಳಿಸುತ್ತದೆ. ಸ್ನಾಯುವಿನ ಬಲ ಮಾತ್ರ ಅದರಿಂದ ಹೆಚ್ಚುವುದಿಲ್ಲ. ಚಿಕಿತ್ಸಕ ಅಲ್ಟ್ರಾಸೌಂಡಿನಲ್ಲಿ 1 ಮೆಗಾಹರ್ಟ್ಸ್ ಅಲೆ ಆಳದ ಅಂಗಾಂಶಕ್ಕೂ 3 ಮೆಗಾಹರ್ಟ್ಸ್‌ನದು ಮೇಲ್ಪದರಕ್ಕೂ ಬಳಕೆಯಲ್ಲಿದೆ. ರೋಮ ಈ ಅಲೆಗಳನ್ನು ತಡೆಯುವುದರಿಂದ ಮೊದಲು ಕತ್ತರಿಸಬೇಕಾಗುತ್ತದೆ. ನೋವು ತಗ್ಗಿಸಲು ಚರ್ಮದ ಮೂಲಕ ನರಪ್ರಚೋದನೆ, ಸೊರಗಿದ ಸ್ನಾಯುವನ್ನು ಕುಗ್ಗಿಸಲು ವಿದ್ಯುತ್ ಪ್ರಚೋದನೆ, ಲೇಸರ್, ಆಘಾತತರಂಗ ಇವು ಉಳಿದ ಉಪಕರಣಗಳು. ಅವೆಲ್ಲ ವ್ಯಾಯಾಮಕ್ಕೆ ಪೂರಕ. ಅವುಗಳ ಪರಿಣಾಮದ ಬಗೆಗಿನ ಸಾಕ್ಷ್ಯ ಎಲ್ಲದಕ್ಕೂ ಒಂದೇ ಮಟ್ಟದ್ದಲ್ಲ. ದುಬಾರಿ ಯಂತ್ರವಿಲ್ಲದ ಊರಿನಲ್ಲಿ ಪುನಶ್ಚೇತನವೇ ಅಸಾಧ್ಯ ಎಂಬ ಭಾವನೆಗೆ ಆಧಾರವಿಲ್ಲ.

ನಾಯಿಗಳ ವ್ಯಾಯಾಮ

ಮೊಣಕಾಲಿನ ಅಸ್ಥಿಬಂಧದ ಶಸ್ತ್ರಚಿಕಿತ್ಸೆಯ ಅನಂತರದ ಕ್ರಮವನ್ನು ಮಾದರಿಯಾಗಿ ನೋಡಬಹುದು. ಮೊದಲ ಎರಡು ವಾರ ನಾಯಿಯನ್ನು ಒಂದು ಕೋಣೆಗೆ ಸೀಮಿತಗೊಳಿಸಿ, ತಂಪು ಕೊಟ್ಟು, ದಿನಕ್ಕೆ ಎರಡು ಮೂರು ಬಾರಿ ಕಾಲನ್ನು 10ರಿಂದ 15 ಸಲ ನೋವಾಗದಷ್ಟು ಮಡಿಸಿ ನೀಡುತ್ತಾರೆ. ಹೊರಗೆ ಹೋಗುವುದು ಮಲಮೂತ್ರಕ್ಕೆ ಮಾತ್ರ, ಗಿಡ್ಡ ಪಟ್ಟಿಯಲ್ಲಿ, ಐದು ನಿಮಿಷ. ಮೆಲ್ಲನೆ ನಡೆಸುವುದೇ ಇಲ್ಲಿ ಚಿಕಿತ್ಸೆ: ವೇಗ ಹೆಚ್ಚಿದರೆ ನಾಯಿ ನೋಯುವ ಕಾಲನ್ನು ಎತ್ತಿಕೊಂಡು ಮೂರು ಕಾಲಲ್ಲಿ ಓಡುತ್ತದೆ, ನಿಧಾನವಾದರೆ ಕಾಲು ಊರಲೇಬೇಕಾಗುತ್ತದೆ. ಎರಡರಿಂದ ಆರನೆಯ ವಾರದವರೆಗೆ ನಡಿಗೆಯನ್ನು ವಾರಕ್ಕೆ ಐದೈದು ನಿಮಿಷ ಹೆಚ್ಚಿಸಿ, ನಿಂತಿರುವ ನಾಯಿಯ ಸೊಂಟವನ್ನು ಆಚೀಚೆ ಮೆತ್ತಗೆ ತಳ್ಳಿ ಭಾರ ಬದಲಿಸುವುದನ್ನೂ ಕೂತು ಏಳಿಸುವುದನ್ನೂ ಸೇರಿಸುತ್ತಾರೆ. ಕೂತು ಏಳುವಾಗ ಒಂದು ಬದಿ ಗೋಡೆಗೆ ತಾಗಿರಬೇಕು; ಇಲ್ಲವಾದರೆ ನಾಯಿ ಕಾಲನ್ನು ಹೊರಗೆ ಚಾಚಿ ಕೂತು ವ್ಯಾಯಾಮವನ್ನು ತಪ್ಪಿಸಿಕೊಳ್ಳುತ್ತದೆ. ಆರರಿಂದ ಎಂಟನೆಯ ವಾರದಲ್ಲಿ ಎಕ್ಸ್‌ರೇ ನೋಡಿ, ಶಸ್ತ್ರಚಿಕಿತ್ಸೆಯಲ್ಲಿ ಕತ್ತರಿಸಿದ ಎಲುಬು ಕೂಡಿದ್ದರೆ ಏರು ನಡಿಗೆ, ಎಂಟರ ಆಕಾರದ ತಿರುವು, ಕಟ್ಟಿಗೆಯ ಸಾಲು ದಾಟಿಸುವುದು. ಬಿಟ್ಟು ಓಡಿಸುವುದು ಮೂರು ತಿಂಗಳ ಅನಂತರ, ಅದೂ ಹಂತಹಂತವಾಗಿ.

ಕಟ್ಟಿಗೆ ಸಾಲಿಗೆ ಪಿವಿಸಿ ಪೈಪು ಇಲ್ಲವೆ ಪೊರಕೆಯ ಕೋಲು ಸಾಕು. ಆರು ಕೋಲುಗಳನ್ನು ನಾಯಿಯ ಭುಜದ ಎತ್ತರದಷ್ಟು ಅಂತರದಲ್ಲಿ ನೆಲದ ಮೇಲಿಟ್ಟು ಮೆಲ್ಲನೆ ದಾಟಿಸಲಾಗುತ್ತದೆ. ಬಳಿಕ ಇಟ್ಟಿಗೆಯ ಮೇಲೆ ಎತ್ತರಿಸಲಾಗುತ್ತದೆ. ಪ್ರತಿ ಹೆಜ್ಜೆಗೂ ಕೀಲು ಹೆಚ್ಚು ಮಡಿಯುವುದರ ಜೊತೆಗೆ ಕಾಲು ಎಲ್ಲಿದೆ ಎಂಬ ಅರಿವೂ ಮರಳುತ್ತದೆ.

ಬೆನ್ನುಹುರಿಯ ಪೆಟ್ಟಾದ ನಾಯಿಯ ಪುನಶ್ಚೇತನ ಇದಕ್ಕಿಂತ ದೀರ್ಘ. ಡ್ಯಾಶ್‌ಹುಂಡ್ ತಳಿಯಲ್ಲಿ ಕಶೇರುಗಳ ನಡುವಿನ ಬಿಲ್ಲೆ ಜಾರುವುದು, ಬೀದಿನಾಯಿಗಳಲ್ಲಿ ವಾಹನದ ಪೆಟ್ಟು ಮುಖ್ಯ ಕಾರಣ. ಹಿಂಗಾಲಿನ ಬೆರಳನ್ನು ಬಲವಾಗಿ ಒತ್ತಿದಾಗ ನಾಯಿ ಕಾಲೆಳೆದುಕೊಂಡರೆ ಅದು ಪ್ರತಿವರ್ತನೆ ಮಾತ್ರ. ತಿರುಗಿ ನೋಡಿದರೆ ಅಥವಾ ಕೂಗಿದರೆ ಆಳದ ನೋವಿನ ಅರಿವು ಉಳಿದಿದೆ, ಚೇತರಿಕೆಯ ಆಸೆ ಹೆಚ್ಚು. ಬಿಲ್ಲೆ ಜಾರಿದ ನಾಯಿಗೆ ಶಸ್ತ್ರಚಿಕಿತ್ಸೆ ಮಾಡದಿದ್ದರೆ ನಾಲ್ಕರಿಂದ ಆರು ವಾರ ಪಂಜರ ವಿಶ್ರಾಂತಿ ಕಡ್ಡಾಯ. ಮೆತ್ತನೆಯ ಹಾಸು, ನಾಲ್ಕಾರು ಗಂಟೆಗೊಮ್ಮೆ ಮಗ್ಗಲು ಬದಲಿಸುವುದು, ಹೊಟ್ಟೆ ಒತ್ತಿ ಮೂತ್ರಚೀಲ ಬರಿದು ಮಾಡುವುದು ಈ ಆರೈಕೆಯಲ್ಲಿ ವ್ಯಾಯಾಮದಷ್ಟೇ ಮುಖ್ಯ. ಇಂಥ ನಾಯಿಗಳನ್ನು ಅನೇಕ ವೇಳೆ ಬಲಿ ತೆಗೆದುಕೊಳ್ಳುವುದು ಒತ್ತುಹುಣ್ಣು ಮತ್ತು ಮೂತ್ರದ ಸೋಂಕು. ಹೊಟ್ಟೆಯಡಿ ಟವೆಲು ಹಾಯಿಸಿ ಹಿಂಭಾಗವನ್ನು ಎತ್ತಿ ನಿಲ್ಲಿಸುವುದು ಮೊದಲ ಸಕ್ರಿಯ ವ್ಯಾಯಾಮ. ನಡಿಗೆ ಮರಳದ ನಾಯಿಗೆ ಎರಡು ಗಾಲಿಯ ಬಂಡಿ ಕಟ್ಟಬಹುದು.

ಮುಪ್ಪಿನ ಸಂಧಿವಾತದಲ್ಲಿ ತೂಕವೇ ಮೊದಲ ಗುರಿ. ದೇಹತೂಕ ಶೇ 6ರಷ್ಟು ಇಳಿದರೂ ಬೊಜ್ಜಿನ ನಾಯಿಗಳ ಕುಂಟು ಗಮನಾರ್ಹವಾಗಿ ತಗ್ಗುತ್ತದೆ ಎಂದು 2010ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ವಾರಕ್ಕೊಮ್ಮೆ ದೂರದ ಸುತ್ತಾಟಕ್ಕಿಂತ ದಿನವೂ ಮೂರು ನಾಲ್ಕು ಸಣ್ಣ ನಡಿಗೆ ಲೇಸು.

ಕುದುರೆಗಳ ವ್ಯಾಯಾಮ

ರಜ್ಜಿನ ಗಾಯವಾದ ಕುದುರೆಗೆ ಮೊದಲ ದಿನಗಳಲ್ಲಿ ಲಾಯದ ವಿಶ್ರಾಂತಿ ಬೇಕು. ದುಡಿಯುತ್ತಿದ್ದ ಕುದುರೆಯನ್ನು ಒಮ್ಮೆಲೇ ಕಟ್ಟಿಹಾಕಿದರೆ ಕರುಳು ಕಟ್ಟಿ ಹೊಟ್ಟೆಶೂಲೆ ಬರುವ ಭಯವಿದೆ. ಆದ್ದರಿಂದ ಅಂದಿನಿಂದಲೇ ಹುರುಳಿ, ಓಟ್ಸ್ ಮೊದಲಾದ ಕಾಳನ್ನು ತಗ್ಗಿಸಿ ಹುಲ್ಲು, ನೀರು ಹೆಚ್ಚಿಸಬೇಕು. ಬಾವು ಇಳಿದ ಬಳಿಕ ಕೈಯಲ್ಲಿ ಹಗ್ಗ ಹಿಡಿದು ದಿನಕ್ಕೆರಡು ಬಾರಿ ಐದರಿಂದ ಹತ್ತು ನಿಮಿಷ ನಡೆಸುವುದರಿಂದ ಆರಂಭ. ವಾರಕ್ಕೆ ಐದು ನಿಮಿಷದಂತೆ ಹೆಚ್ಚಿಸುತ್ತ ಮೂರನೆಯ ತಿಂಗಳಿಗೆ ಅರ್ಧ ಗಂಟೆ ದಾಟಬಹುದು. ಅಲ್ಟ್ರಾಸೌಂಡಿನಲ್ಲಿ ನಾರು ಸಾಲುಗೊಂಡದ್ದು ಕಂಡರೆ ಕೆಲವೇ ನಿಮಿಷಗಳ ಕುಕ್ಕುಲೋಟ ಸೇರುತ್ತದೆ. ಓಟಕ್ಕೆ ಆರು ತಿಂಗಳಾದರೂ ಬೇಕು, ರೇಸಿಗೆ ಮರಳಲು 9ರಿಂದ 12 ತಿಂಗಳು. ಪ್ರತಿ ಹಂತದ ಏರಿಕೆಗೂ ಮುನ್ನ ಅಲ್ಟ್ರಾಸೌಂಡ್ ಮಾಡುವುದು ಉತ್ತಮ ಪದ್ಧತಿ. ಒಂದು ದಿನ ಕಾಲು ಬಿಸಿಯಾದರೆ ಅಥವಾ ಬಾತರೆ ಹಿಂದಿನ ಹಂತಕ್ಕೆ ಇಳಿಯಬೇಕು.

ಮೊದಲು ನೇರ ದಾರಿ, ತಿರುವು ಆಮೇಲೆ. ಉದ್ದ ಹಗ್ಗದಲ್ಲಿ ಸುತ್ತ ಓಡಿಸುವ ಲಂಜಿಂಗ್ ಒಳಬದಿಯ ಕಾಲಿಗೆ ಓರೆ ಒತ್ತಡ ಹೇರುವುದರಿಂದ ಅದು ಕೊನೆಯ ಹಂತಕ್ಕೆ ಸೇರಿದ್ದು. ಆಳವಾದ ಮರಳು ರಜ್ಜಿಗೆ ಭಾರ, ಟಾರು ರಸ್ತೆ ಎಲುಬಿಗೂ ಗೊರಸಿಗೂ ಭಾರ. ಗಟ್ಟಿಯಾಗಿದ್ದೂ ತುಸು ಒಗ್ಗುವ ಸಮತಟ್ಟು ಮಣ್ಣು ಆರಂಭಕ್ಕೆ ತಕ್ಕುದು. ಗೊರಸಿನ ಮುಂತುದಿ ಉದ್ದ ಬೆಳೆದರೆ ರಜ್ಜಿನ ಎಳೆತ ಹೆಚ್ಚುತ್ತದೆ. ಹೀಗಾಗಿ ನಾಲ್ಕರಿಂದ ಆರು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಲಾಳ ಬದಲಿಸುವವರು ಪುನಶ್ಚೇತನ ತಂಡದ ಪೂರ್ಣ ಸದಸ್ಯರು.

ಬೆನ್ನಿನ ತೊಂದರೆಗೆ ಆಮಿಷದ ಚಾಚುವಿಕೆ ಬಳಕೆಯಲ್ಲಿದೆ. ಗಜ್ಜರಿಯ ತುಂಡು ಹಿಡಿದು ಕುದುರೆಯ ಗಲ್ಲವನ್ನು ಎದೆಗೆ, ಮಂಡಿಗಳ ನಡುವೆ, ಗೆಣ್ಣುಗಳ ನಡುವೆ, ಆಮೇಲೆ ಪಕ್ಕೆಗೆ, ಹಿಂಗಾಲ ಹರಡಿನತ್ತ ಒಯ್ದು ಕೆಲವು ಕ್ಷಣ ಹಾಗೇ ನಿಲ್ಲಿಸುತ್ತಾರೆ. ಪ್ರತಿ ಭಂಗಿಯನ್ನು ಐದೈದು ಸಲ, ವಾರಕ್ಕೆ ಐದು ದಿನ, ಮೂರು ತಿಂಗಳು ಮಾಡಿಸಿದಾಗ ಕಶೇರುಗಳನ್ನು ಬಿಗಿಹಿಡಿಯುವ ಆಳದ ಬೆನ್ನುಸ್ನಾಯು ದಪ್ಪವಾದದ್ದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಲ್ಟ್ರಾಸೌಂಡಿನಿಂದ ದೃಢಪಟ್ಟಿತು. ಸವಾರಿಯೂ ಯಂತ್ರವೂ ಇಲ್ಲದೆ ಸ್ನಾಯು ಬೆಳೆಸಬಹುದೆಂಬುದಕ್ಕೆ ಇದು ಗಟ್ಟಿ ಆಧಾರ. ಹಿಂದಕ್ಕೆ ನಡೆಸುವುದು, ದಿಣ್ಣೆ ಏರಿಸುವುದು, ನಡಿಗೆಯಲ್ಲಿ ಸುಮಾರು 80ರಿಂದ 90 ಸೆಂಟಿಮೀಟರ್ ಅಂತರದ ಕೋಲುಗಳನ್ನು ದಾಟಿಸುವುದು ಹಿಂಭಾಗವನ್ನು ಬಲಪಡಿಸುತ್ತವೆ.

ನೀರಿನ ವ್ಯಾಯಾಮ

ನೀರು ದೇಹವನ್ನು ಎತ್ತಿಹಿಡಿದು ಕೀಲಿನ ಭಾರ ತಗ್ಗಿಸುತ್ತದೆ, ಅದೇ ಹೊತ್ತಿಗೆ ಚಲನೆಗೆ ಪ್ರತಿರೋಧ ಒಡ್ಡಿ ಸ್ನಾಯುವನ್ನು ದುಡಿಸುತ್ತದೆ. ನಾಯಿ ಹರಡಿನ ಮಟ್ಟದ ನೀರಿನಲ್ಲಿ ನಿಂತಾಗ ಕಾಲುಗಳ ಮೇಲೆ ದೇಹತೂಕದ ಸುಮಾರು ಶೇ 91, ಮೊಣಕಾಲಿನ ಮಟ್ಟದಲ್ಲಿ ಶೇ 85, ಸೊಂಟದ ಮಟ್ಟದಲ್ಲಿ ಶೇ 38ರಷ್ಟು ಭಾರ ಮಾತ್ರ ಬೀಳುತ್ತದೆ. ಮೊಣಕಾಲಿನವರೆಗಿನ ನೀರು ಭಾರ ಇಳಿಸುವುದು ಅಷ್ಟಕ್ಕಷ್ಟೇ ಎಂಬುದು ಇದರಿಂದ ಸ್ಪಷ್ಟ. ನೀರೊಳಗಿನ ಟ್ರೆಡ್‌ಮಿಲ್‌ನಲ್ಲಿ ಈ ಮಟ್ಟವನ್ನು ಬೇಕಾದಂತೆ ಹೊಂದಿಸಬಹುದು. ಈಜಿಸುವುದು ಅದಕ್ಕೆ ಸಮನಲ್ಲ: ಈಜುವ ನಾಯಿ ಮುಂಗಾಲಿನಿಂದಲೇ ಹೆಚ್ಚು ಎಳೆಯುತ್ತದೆ, ಕುದುರೆ ತಲೆಯೆತ್ತಿ ಬೆನ್ನನ್ನು ತಗ್ಗಿಸುತ್ತದೆ. ಬೆನ್ನುನೋವಿನ ಕುದುರೆಗೆ ಈಜು ಹೊಂದುವುದಿಲ್ಲ. ಹೊಲಿಗೆ ಮಾಯದ ಗಾಯ, ಚರ್ಮದ ಸೋಂಕು, ಹೃದಯ ಶ್ವಾಸಕೋಶಗಳ ಕಾಯಿಲೆ ಇದ್ದರೆ ನೀರು ವರ್ಜ್ಯ. ಪ್ಲಾಸ್ಟಿಕ್ ಹಾಸಿನ ಕೃಷಿಹೊಂಡಗಳಲ್ಲಿ ನಾಯಿಯನ್ನು ಈಜಲು ಬಿಡುವುದು ಅಪಾಯ; ಜಾರುವ ಅಂಚನ್ನು ಹತ್ತಲಾಗದೆ ಅದು ಮುಳುಗುತ್ತದೆ.

ಎಚ್ಚರಿಕೆಗಳು

ಲಸಿಕೆಯ ದಾಖಲೆಯಿಲ್ಲದ ನಾಯಿಯಲ್ಲಿ ಹಿಂಗಾಲು ಸೋಲುವುದು, ದವಡೆ ಜೋತುಬೀಳುವುದು, ನುಂಗಲಾಗದಿರುವುದು ಕಂಡರೆ ಮೊದಲು ರೇಬೀಸ್ ಶಂಕೆಯನ್ನು ಪಶುವೈದ್ಯರು ತಳ್ಳಿಹಾಕಬೇಕು; ಅಲ್ಲಿಯವರೆಗೆ ಯಾರೂ ಬಾಯಿಯ ಬಳಿ ಕೈ ಒಯ್ಯಬಾರದು. ಕುದುರೆಗೂ ರೇಬೀಸ್ ಬರುತ್ತದೆ. ಸಾಧು ನಾಯಿಯೂ ನೋವಿಗೆ ಕಚ್ಚುತ್ತದೆ, ಆದ್ದರಿಂದ ಮೊದಲ ಪರೀಕ್ಷೆಗೆ ಬಾಯಿಪಟ್ಟಿ ಅಗತ್ಯ.

ಸ್ಥಿರಗೊಳಿಸದ ಮುರಿತ, ಕೀಲಿನ ಸೋಂಕು, ಜ್ವರ ಇದ್ದಾಗ ವ್ಯಾಯಾಮ ನಿಷಿದ್ಧ. ಗಡ್ಡೆಯ ಮೇಲೆ, ಗಬ್ಬದ ಪ್ರಾಣಿಯ ಹೊಟ್ಟೆಯ ಮೇಲೆ, ಮರಿಗಳ ಎಲುಬು ಬೆಳೆಯುವ ತುದಿಗಳ ಮೇಲೆ ಚಿಕಿತ್ಸಕ ಅಲ್ಟ್ರಾಸೌಂಡ್ ಪ್ರಯೋಗಿಸಬಾರದು. ಮನುಷ್ಯರ ನೋವಿನ ಮಾತ್ರೆಗಳನ್ನು ಕೊಡುವುದು ಇನ್ನೊಂದು ದೊಡ್ಡ ಅನಾಹುತ: ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಕೆಡಿಸುತ್ತದೆ. ರಣಹದ್ದುಗಳ ಸಾವಿಗೆ ಕಾರಣವಾದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿಯ ಪಶುಬಳಕೆಯನ್ನು ಭಾರತ 2006ರಲ್ಲಿ ನಿಷೇಧಿಸಿದೆ.

ವ್ಯಾಯಾಮದ ಹೊತ್ತಿನಲ್ಲಿ ಮೈಬಿಸಿಯ ಮೇಲೆ ಕಣ್ಣಿರಬೇಕು. ಆರೋಗ್ಯವಂತ ನಾಯಿಯ ದೇಹದ ಉಷ್ಣತೆ ಸುಮಾರು 38ರಿಂದ 39.2, ಕುದುರೆಯದು 37.5ರಿಂದ 38.5 ಡಿಗ್ರಿ ಸೆಲ್ಸಿಯಸ್. ಕುದುರೆ ಬೆವರುತ್ತದೆ, ನಾಯಿ ಬಹುಮಟ್ಟಿಗೆ ಏದುಸಿರಿನಿಂದಲೇ ತಣಿಯಬೇಕು. ನಾಯಿಯ ಉಷ್ಣತೆ 41 ದಾಟಿದರೆ ಅದು ತುರ್ತು ಸ್ಥಿತಿ. ಪಗ್‌ನಂಥ ಚಪ್ಪಟೆ ಮೂತಿಯ ತಳಿಗಳಿಗೆ ಈ ಅಪಾಯ ಹೆಚ್ಚು.

ಕರ್ನಾಟಕದಲ್ಲಿ

ರಾಜ್ಯದಲ್ಲಿ ಕುದುರೆಗಳ ಪುನಶ್ಚೇತನದ ಅಗತ್ಯ ಹೆಚ್ಚಾಗಿ ಬೆಂಗಳೂರು ಮತ್ತು ಮೈಸೂರಿನ ರೇಸ್‌ಕೋರ್ಸುಗಳು, ಟಿಪ್ಪುವಿನ ಕಾಲದ ಹಿನ್ನೆಲೆಯುಳ್ಳ ತುಮಕೂರು ಜಿಲ್ಲೆಯ ಕುಣಿಗಲ್ ಸ್ಟಡ್ ಫಾರ್ಮ್, ದಸರೆಯ ಮೆರವಣಿಗೆಯಲ್ಲಿ ಕಾಣಿಸಿಕೊಳ್ಳುವ ಮೈಸೂರಿನ ಅಶ್ವಾರೋಹಿ ಪೊಲೀಸ್ ಪಡೆ, ಖಾಸಗಿ ಸವಾರಿ ಶಾಲೆಗಳು ಇವುಗಳ ಸುತ್ತ ನೆಲೆಗೊಂಡಿದೆ. ಪಶುವೈದ್ಯ ಶಿಕ್ಷಣದ ಹಳೆಯ ಕೇಂದ್ರ 1958ರಲ್ಲಿ ಆರಂಭವಾದ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು; ಈಗ ಅದು ಬೀದರ್‌ನಲ್ಲಿ ಕೇಂದ್ರವಿರುವ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಂಗ.

ನಾಯಿಗಳ ವಿಷಯದಲ್ಲಿ ಉತ್ತರ ಕರ್ನಾಟಕಕ್ಕೆ ತನ್ನದೇ ತಳಿಯಿದೆ. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಕಣ್ಣಳತೆಯಲ್ಲಿ ಬೇಟೆಯಾಡುವ ಓಟಗಾರ ತಳಿ. 2005ರಲ್ಲಿ ಅದರ ಚಿತ್ರದ ಅಂಚೆಚೀಟಿ ಹೊರಬಂತು. 2016ರಲ್ಲಿ ಭಾರತೀಯ ಸೇನೆ ಮೀರತ್‌ನಲ್ಲಿ ಅದರ ತರಬೇತಿಗೆ ತೊಡಗಿತು. ಮುಧೋಳ ಬಳಿಯ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. ತೆಳು ಚರ್ಮ, ಅತ್ಯಲ್ಪ ಕೊಬ್ಬು, ಉದ್ದ ಕಾಲುಗಳ ಈ ದೇಹಕ್ಕೆ ಗಟ್ಟಿ ನೆಲದ ಮೇಲೆ ಬೇಗ ಒತ್ತುಹುಣ್ಣಾಗುತ್ತದೆ, ಮಂಜುಗಡ್ಡೆಯ ತಂಪು ಬೇಗ ಆಳಕ್ಕಿಳಿಯುತ್ತದೆ. ಮೈ ಬೆಚ್ಚಗಾಗದೆ ವೇಗಕ್ಕೆ ಹಾರುವ ಸ್ವಭಾವದಿಂದ ತೊಡೆಯ ಸ್ನಾಯು ಹರಿಯುವ ಸಂಭವವೂ ಇದೆ. ಓಟಕ್ಕೆ ಬಿಡುವ ಮುನ್ನ ಹತ್ತು ನಿಮಿಷದ ನಡಿಗೆ, ಬಳಿಕ ಅಷ್ಟೇ ಹೊತ್ತಿನ ತಣಿಸುವ ನಡಿಗೆ ಈ ತಳಿಗೆ ವಿಶೇಷವಾಗಿ ಸಲ್ಲುತ್ತವೆ.

ಹುಬ್ಬಳ್ಳಿ–ಧಾರವಾಡದಲ್ಲಿ

ಅವಳಿ ನಗರದ ಬೀದಿಗಳಲ್ಲಿ ಒಂದು ಕಾಲಕ್ಕೆ ಸಾಮಾನ್ಯವಾಗಿದ್ದ ಟಾಂಗಾಗಳನ್ನು ಆಟೋರಿಕ್ಷಾಗಳು ಬದಿಗೆ ಸರಿಸಿದವು. ಈಗ ಕುದುರೆ ಕಾಣುವುದು ಮದುವೆಯ ಮೆರವಣಿಗೆಗಳಲ್ಲಿ, ಜಾತ್ರೆಗಳಲ್ಲಿ, ಸುಗ್ಗಿಯ ಬಳಿಕ ಹೊಲಗಳಲ್ಲಿ ಮಂದೆ ತರುಬುವ ಸಂಚಾರಿ ಕುರಿಗಾರರ ಜೊತೆಯಲ್ಲಿ. ಕುರಿಗಾರರ ತಟ್ಟುಗಳು ಬಿಡಾರದ ಸಾಮಾನು, ಎಳೆಮರಿಗಳನ್ನು ಹೊತ್ತು ದಿನವೂ ನಡೆಯುತ್ತವೆ. ಅವುಗಳ ಮುಖ್ಯ ತೊಂದರೆ ಹೇರಿನ ಉಜ್ಜಿನಿಂದ ಬೆನ್ನ ಮೇಲಾಗುವ ಹುಣ್ಣು ಮತ್ತು ಅದರ ಕೆಳಗಿನ ಸ್ನಾಯುಗಳ ಬಿಗಿತ. ಎರಡೂ ಬದಿಗೆ ಸಮನಾದ ಹೇರು, ಬೆನ್ನೆಲುಬಿನ ನೇರಕ್ಕೆ ಒತ್ತಡ ತಾಗದಂತೆ ದಪ್ಪ ಹಾಸು, ಹುಣ್ಣು ಮಾಯುವವರೆಗೆ ಬರಿಮೈ ನಡಿಗೆ ಇವೇ ಅಲ್ಲಿ ಸಾಧ್ಯವಾದ ಮತ್ತು ಸಾಕಾಗುವ ಪುನಶ್ಚೇತನ.

ಮಹಾನಗರ ಪಾಲಿಕೆಯ ವ್ಯಾಪ್ತಿಯಲ್ಲಿರುವ ಗೋಪನಕೊಪ್ಪದಂಥ ಬಡಾವಣೆಗಳಲ್ಲಿ ಹಳೆಯ ಕೇರಿಗಳೂ ಹೊಸ ಮನೆಗಳೂ ಒತ್ತಾಗಿವೆ. ಇಲ್ಲಿ ಭೌತಚಿಕಿತ್ಸೆ ಬೇಕಾಗುವುದು ಮುಖ್ಯವಾಗಿ ನಾಯಿಗಳಿಗೆ. ನೆಲವೇ ಇಲ್ಲಿ ಮೊದಲ ಸಮಸ್ಯೆ. ಮನೆಯೊಳಗಿನ ಹೊಳಪು ಟೈಲ್ಸ್ ಮೇಲೆ ದುರ್ಬಲ ನಾಯಿಯ ಕಾಲುಗಳು ಅಗಲಕ್ಕೆ ಜಾರಿ ಕೂಡುತ್ತಿರುವ ಗಾಯ ಮತ್ತೆ ಹರಿಯಬಹುದು. ನಾಯಿ ಓಡಾಡುವ ದಾರಿಗೆ ಗೋಣಿತಟ್ಟು, ಜಮಖಾನೆ ಇಲ್ಲವೆ ರಬ್ಬರ್ ಹಾಸು ಹಾಕಿ ಅಂಚನ್ನು ಬಿಗಿಯಬೇಕು. ಸುತ್ತಲಿನ ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಕಾಲು ಸಿಕ್ಕಿಸುವಂಥ ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಜಿಗುಟಾಗಿ ಜಾರುತ್ತದೆ. ಹಾಗಾಗಿ ವ್ಯಾಯಾಮಕ್ಕೆ ಮೊರಂ ಹಾಸಿದ ದಾರಿಯೋ ಹುಲ್ಲಿನ ಮೈದಾನವೋ ಉತ್ತಮ. ಏಪ್ರಿಲ್, ಮೇ ತಿಂಗಳಲ್ಲಿ ನಡಿಗೆಯನ್ನು ಬಿಸಿಲೇರುವ ಮುನ್ನ ಮುಗಿಸಬೇಕು. ಟಾರು ರಸ್ತೆಯ ಮೇಲೆ ಅಂಗೈಯ ಹಿಂಬದಿಯನ್ನು ಏಳು ಸೆಕೆಂಡು ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಅದು ಸುಡುತ್ತದೆ.

ಸಾಮಾನ್ಯ ಚಿಕಿತ್ಸೆಗೆ ಸರ್ಕಾರಿ ಪಶು ಆಸ್ಪತ್ರೆಗಳೂ ಖಾಸಗಿ ಚಿಕಿತ್ಸಾಲಯಗಳೂ ಇವೆ. ತುರ್ತಿಗೆ 1962 ಸಹಾಯವಾಣಿ ಇದೆ. ಹತ್ತಿರದ ಪಶುವೈದ್ಯಕೀಯ ಕಾಲೇಜು ನೆರೆಯ ಗದಗ ಜಿಲ್ಲೆಯಲ್ಲಿದೆ.

ಶಿಕ್ಷಣ ಮತ್ತು ಕಾನೂನು

ಭಾರತದಲ್ಲಿ ಪ್ರಾಣಿಗಳ ಚಿಕಿತ್ಸೆಯನ್ನು 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಅಧಿನಿಯಮ ನಿಯಂತ್ರಿಸುತ್ತದೆ; ನೋಂದಾಯಿತ ಪಶುವೈದ್ಯರಿಗೆ ಮಾತ್ರ ರೋಗನಿರ್ಣಯ ಮತ್ತು ಚಿಕಿತ್ಸೆಯ ಅಧಿಕಾರ. ಮಾನವ ಭೌತಚಿಕಿತ್ಸಕರ ವೃತ್ತಿಯನ್ನು 2021ರ ಸಹವರ್ತಿ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಅಧಿನಿಯಮ ವ್ಯಾಪಿಸುತ್ತದೆ. ಧಾರವಾಡದ ಸತ್ತೂರಿನ ಎಸ್‌ಡಿಎಂ ಸಂಸ್ಥೆಯೂ ಸೇರಿ ರಾಜ್ಯದ ಅನೇಕ ಕಾಲೇಜುಗಳು ಅಂಥ ಭೌತಚಿಕಿತ್ಸಕರನ್ನು ತಯಾರುಮಾಡುತ್ತವೆ. ಅವರ ಕೌಶಲ ಪ್ರಾಣಿಗಳಿಗೂ ಒದಗಬಹುದು, ಆದರೆ ಪಶುವೈದ್ಯರ ನಿರ್ಣಯ ಮತ್ತು ಮೇಲ್ವಿಚಾರಣೆಯ ಅಡಿಯಲ್ಲಿ ಮಾತ್ರ. ಬ್ರಿಟನ್ನಿನಲ್ಲೂ ಪಶುವೈದ್ಯರ ಒಪ್ಪಿಗೆಯಿಲ್ಲದೆ ಭೌತಚಿಕಿತ್ಸಕರು ಪ್ರಾಣಿಗೆ ಚಿಕಿತ್ಸೆ ನೀಡುವಂತಿಲ್ಲ. ನೋಯುವ ಅಥವಾ ಕುಂಟುವ ಪ್ರಾಣಿಯನ್ನು ದುಡಿಸುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮದಡಿ ಅಪರಾಧ. ಪುನಶ್ಚೇತನದ ಅವಧಿಯಲ್ಲಿರುವ ಟಾಂಗಾ ಅಥವಾ ಮೆರವಣಿಗೆಯ ಕುದುರೆಗೂ ಈ ರಕ್ಷಣೆ ಅನ್ವಯಿಸುತ್ತದೆ.